ಜಾಳಿಗೆಯ ಆ ಕಡೆಗೊಂದು ಜಪಾನಿ ಹಾಡು

ಜಪಾನಿನ ಹಳೆಯ ಹಾಡುಗಳನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹಾಡುವ ಆ ಹೆಣ್ಣುಮಗಳು ಎದುರಿಗೆ ಸಿಕ್ಕಿದ್ದರೆ ಹೆಗಲು ಹಿಡಿದು ಅಲುಗಾಡಿಸಿ, "ಬಾಯಿ ಬಿಡವಾ, ಬಾಯಾಗ ಏನ್ ಕಡಬು ಇಟ್ಕೊಂಡೀಯೇನು?" ಎಂದು ಕೇಳಿಯೇ ಬಿಡುತ್ತಿದ್ದೆ.

ಈ ಹಾಡುಗಳನ್ನು ನಮ್ಮ ಮನೆಗೆ ತಂದವಳು ನನ್ನ ಮಗಳು. ಅವಳು ಹುಟ್ಟಿ ಬೆಳೆದದ್ದೆಲ್ಲ ದಹಿಸರದಲ್ಲಿ. ಕನ್ನಡ ಪೂರಾ ತಿಳಿಯುತ್ತದೆ, ಮಾತಾಡಲು ಹೊರಟರೆ ಮಾತ್ರ ಅರ್ಧ ದಾರಿಯಲ್ಲಿ ಇಳಿದು ಹಿಂದಿ ಹತ್ತಿಬಿಡುತ್ತಾಳೆ. ಅಂಥವಳಿಗೆ ಜಪಾನಿನ ಹಳೆಯ ಪಾಪ್ ಹಾಡುಗಳ ಹುಚ್ಚು. ಅವೆಲ್ಲ ಅವಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನವು. ಆ ಊರು ಇವಳು ನೋಡಿಲ್ಲ, ಆ ಭಾಷೆ ಬರುವುದಿಲ್ಲ. ಆದರೂ ರವಿವಾರ ಮುಂಜಾನೆ ಕಿಟಕಿಗೆ ಒರಗಿ ಹಾಡು ಹಚ್ಚಿಕೊಂಡು, "ಮಮ್ಮಿ, ಆ ಕಾಲ ಕಿತನಾ ಮಿಸ್ ಆಗತದ ಯಾರ್" ಎಂದು ನಿಟ್ಟುಸಿರು ಬಿಡುತ್ತಾಳೆ. ನೋಡದೇ ಇದ್ದ ಕಾಲ ಹೇಗೆ ಮಿಸ್ ಆಗುತ್ತದೋ ಆ ದೇವರಿಗೇ ಗೊತ್ತು.

ಧಾಟಿ ಮಾತ್ರ ಸೊಗಸು, ಸುಳ್ಳು ಯಾಕೆ ಹೇಳಲಿ. ಡ್ರಮ್ಮು, ಗಿಟಾರು, ನಡುವೆ ತುತ್ತೂರಿಯಂಥದ್ದು ಏನೋ ಒಂದು. ಕಾಲು ತಾನೇ ತಾಳ ಹಾಕುತ್ತದೆ. ಯಾರದೋ ಲಗ್ನದ ಹಾಡಿರಬೇಕೆಂದು ನಾನು ರೊಟ್ಟಿ ಬಡಿಯುತ್ತ ತಲೆ ಆಡಿಸುತ್ತಿದ್ದೆ. ಒಂದು ದಿನ ಅರ್ಥ ಏನೇ ಎಂದು ಕೇಳಿದೆ. ಮಗಳು ಮೊಬೈಲಿನಲ್ಲಿ ಇಂಗ್ಲಿಷ್ ಅರ್ಥ ತೆಗೆದು ಒಂದೊಂದೇ ಹೇಳುತ್ತ ಹೋದಳು. ಒಬ್ಬಳು ಸಮುದ್ರದ ದಂಡೆಯಲ್ಲಿ ನಿಂತು ಅವನ ಕಾರಿನ ಹಿಂದಿನ ಕೆಂಪು ದೀಪ ನೋಡುತ್ತಾಳೆ. ಇವಳು ನಿಂತದ್ದೇ ಅವನಿಗೆ ಗೊತ್ತಿಲ್ಲ. ಇನ್ನೊಬ್ಬಳು ಅವನ ಲಗ್ನಕ್ಕೆ ಹೋಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ ಬರುತ್ತಾಳೆ. ಮತ್ತೊಬ್ಬಳು ದಿನಾ ಸಂಜೆ ಅವನ ಟೆಲಿಫೋನ್ ನಂಬರು ತಿರುಗಿಸುತ್ತಾಳೆ, ಕೊನೆಯ ಅಂಕಿಯೊಂದನ್ನು ಬಿಟ್ಟು ರಿಸೀವರ್ ಇಟ್ಟುಬಿಡುತ್ತಾಳೆ.

"ಮುಂದ?" ಎಂದೆ.

"ಮುಂದೆ ಕುಛ್ ನಹೀ ಮಮ್ಮಿ. ಹಾಡು ಖತಮ್."

"ಖತಮ್ ಅಂದ್ರ? ಕಡೀ ನಂಬರ್ ತಿರುಗಿಸಲೇ ಇಲ್ಲಾ?"

"ಇಲ್ಲ. ವಹೀ ತೋ ಬ್ಯೂಟಿ ಹೈ!"

"ಸುಡ್ಲಿ ನಿನ್ನ ಬ್ಯೂಟಿ!" ಎಂದು ಹಿಟ್ಟಿನ ಕೈಯಲ್ಲೇ ಬೈದೆ. ಒಂದು ಅಂಕಿ! ಬೆರಳೊಂದು ಅಲುಗಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟುದ್ದ ಹಾಡು, ಮೇಲೆ ತುತ್ತೂರಿ ಬೇರೆ. ಬೈದೆನೇ ಹೊರತು ಹಾಡು ನನ್ನನ್ನು ಬಿಡಲಿಲ್ಲ. ಮಗಳ ಕೈಯಿಂದ ನನ್ನ ಮೊಬೈಲಿಗೂ ಹಾಕಿಸಿಕೊಂಡೆ.

ನಾನು ಗ್ರಾಂಟ್ ರೋಡಿನ ಮ್ಯಾಚಿಂಗ್ ಸೆಂಟರೊಂದರಲ್ಲಿ ಕೆಲಸ ಮಾಡುತ್ತೇನೆ. ಸೀರೆಗೆ ಒಪ್ಪುವ ಬ್ಲೌಸ್ ಬಟ್ಟೆ, ಫಾಲ್, ಲೈನಿಂಗ್ ಹುಡುಕಿ ಕೊಡುವ ಅಂಗಡಿ. ಮನೆ ದಹಿಸರದಲ್ಲಿದ್ದರೂ ಅಲ್ಲಿ ಲೋಕಲ್ ಹತ್ತುವ ಸಾಹಸ ಮಾಡುವುದಿಲ್ಲ. ವಿರಾರದಿಂದ ತುಂಬಿಕೊಂಡು ಬರುವ ಗಾಡಿಯಲ್ಲಿ ಒಂದು ಕಾಲಿಗೆ ಜಾಗ ಸಿಕ್ಕರೆ ಇನ್ನೊಂದಕ್ಕೆ ಸಿಗುವುದಿಲ್ಲ. ಶೇರ್ ರಿಕ್ಷಾದಲ್ಲಿ ಬೊರಿವಲಿಗೆ ಬಂದು, ಅಲ್ಲಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯುತ್ತೇನೆ. ಲೇಡೀಸ್ ಡಬ್ಬಿಯ ತುದಿಯ ಬೆಂಚಿನಲ್ಲಿ ನನಗೊಂದು ಜಾಗ ಹಿಡಿದು ಕೂತಿರುತ್ತಾಳೆ ನನ್ನ ಗೆಳತಿ.

ಇವಳು ಉಡುಪಿ ಕಡೆಯವಳು, ಗ್ರಾಂಟ್ ರೋಡಿನದೇ ಒಂದು ಉಡುಪಿ ಹೋಟೆಲಿನಲ್ಲಿ ಬಿಲ್ಲಿನ ದುಡ್ಡೆಣಿಸುವ ಗಲ್ಲೆಯ ಮೇಲೆ ಕೂರುತ್ತಾಳೆ. ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ಐವತ್ತರ ಹತ್ತಿರ. ತಮ್ಮಂದಿರ ಓದು, ತಾಯಿಯ ಕಾಯಿಲೆ ಅಂತ ಓಡಾಡುವುದರಲ್ಲಿ ಮದುವೆಯ ಮಾತು ಹಿಂದೆ ಬಿತ್ತು. ಹೋಟೆಲಿನಲ್ಲಿ ಗಿರಾಕಿ ಸುಮ್ಮನೆ ತಗಾದೆ ತೆಗೆದರೆ ನೆಲಕ್ಕಿಳಿಸಿ ಬಿಡುವ ಗಟ್ಟಿಗಿತ್ತಿ. ಬೊರಿವಲಿಯಿಂದ ನಮ್ಮಿಬ್ಬರ ನಡುವೆ ಒಂದೇ ಇಯರ್‌ಫೋನು: ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಟೆಲಿಫೋನಿನ ಹಾಡು ಅವಳಿಗೆ ಬಹಳ ಹಿಡಿಸಿತ್ತು. ಅರ್ಥ ಗೊತ್ತಿಲ್ಲದಿದ್ದಾಗ ಗುನುಗುತ್ತಿದ್ದಳು. ನಾನು ಅರ್ಥ ಹೇಳಿದ ದಿನ ಕಾಂದಿವಲಿಯಿಂದ ಅಂಧೇರಿಯವರೆಗೆ ಗುನುಗು ಬಿಟ್ಟು ಅದೇ ಹಾಡನ್ನು ಮತ್ತೆ ಮತ್ತೆ ಹಚ್ಚಿಸಿಕೊಂಡಳು.

ನಮ್ಮ ಡಬ್ಬಿಗೂ ಗಂಡಸರ ಡಬ್ಬಿಗೂ ನಡುವೆ ತಗಡಿನ ಗೋಡೆ, ಅದರ ಮೇಲರ್ಧ ಕಬ್ಬಿಣದ ಜಾಳಿಗೆ. ಜಾಳಿಗೆಯ ಆ ಕಡೆ ಅವರ ಭಜನಾ ಮಂಡಳಿ. ಆಫೀಸಿಗೆ ಹೋಗುವ ಜನವೇ, ಆದರೆ ಗಾಡಿ ಹೊರಟ ಕೂಡಲೇ ಬ್ಯಾಗಿನಿಂದ ತಾಳ ಹೊರಗೆ ಬರುತ್ತವೆ, ಕಿಟಕಿಯ ಸರಳಿಗೆ ಢೋಲಕಿ ಕಟ್ಟುತ್ತಾರೆ, ಚರ್ಚ್‌ಗೇಟಿನವರೆಗೆ ವಿಠ್ಠಲನ ನಾಮವೇ ನಾಮ. ಮುಂದಾಗಿ ಹಾಡುವವರು ಗಡಿಯ ಜತ್ತ ಕಡೆಯ ಒಬ್ಬ ಹಿರಿಯರು. ಮರಾಠಿ ಅಭಂಗವನ್ನೂ ಕನ್ನಡ ಪದವನ್ನೂ ಒಂದೇ ಉಸಿರಿನಲ್ಲಿ ಎತ್ತಿಕೊಳ್ಳುವ ಗಂಟಲು. ಯಾವುದೋ ಆಫೀಸಿನಲ್ಲಿ ಕೆಲಸ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳು ಗಂಡನ ಮನೆಯಲ್ಲಿ. ಇಷ್ಟು ವಿಷಯ ಡಬ್ಬಿಗೆಲ್ಲ ಗೊತ್ತು. ಅವರು ಒಂದು ಸಾಲು ಎತ್ತಿದರೆ ಅವರ ಕಡೆಯವರು ಹಿಂದೆ ಹಾಡುತ್ತಾರೆ, ಈ ಕಡೆ ನಾವು ಹೆಂಗಸರೂ ಚಪ್ಪಾಳೆ ತಟ್ಟಿ ದನಿಗೂಡಿಸುತ್ತೇವೆ.

ನನ್ನ ಗೆಳತಿ ಯಾವಾಗಲೂ ಜಾಳಿಗೆಗೆ ಒತ್ತಿಯೇ ಯಾಕೆ ಕೂರುತ್ತಾಳೆ ಎಂದು ನಾನು ಯೋಚಿಸಿರಲಿಲ್ಲ. ಅಲ್ಲಿ ಗಾಳಿ ಇಲ್ಲ, ಸೆಖೆ ಬೇರೆ. ಒಮ್ಮೆ ಆ ಹಿರಿಯರ ದನಿ ಕಟ್ಟಿದ್ದಾಗ ಇವಳು ಮೆಣಸು, ಜೀರಿಗೆ ಹುರಿದು ಕುಟ್ಟಿದ ಕಷಾಯದ ಪುಡಿ ತಂದು, ಜಾಳಿಗೆಯ ಸಂದಿಯಿಂದ ಯಾರದೋ ಕೈಗೆ ಕೊಟ್ಟು, "ಅವರಿಗೆ ಕೊಡಿ, ಯಾರು ಕೊಟ್ಟದ್ದು ಅಂತ ಹೇಳುವುದು ಬೇಡ" ಅಂದಿದ್ದಳು. ಧರ್ಮದ ಕೆಲಸ ಎಂದುಕೊಂಡು ನಾನು ಕಡಲೆ ತಿನ್ನುತ್ತಿದ್ದೆ. ಎಂಥ ದಡ್ಡಿ ನಾನು!

ಅರ್ಥ ಹೇಳಿದ ಆ ದಿನ ಅಂಧೇರಿ ದಾಟಿದ ಮೇಲೆ ಆ ಕಡೆಯ ಭಜನೆಯ ನಡುವೆ ಆ ಹಿರಿಯರ ದನಿ ಮೇಲೆದ್ದಿತು. ಗೆಳತಿ ಮೆಲ್ಲಗೆ ಕಿವಿಯಿಂದ ಜಪಾನನ್ನು ಕಿತ್ತು ನನ್ನ ಕೈಗಿಟ್ಟಳು. ಮುಖ ಜಾಳಿಗೆಯ ಕಡೆ ತಿರುಗಿತು. ಮುಖ ನೋಡಿದೆ, ನನಗೆ ಎಲ್ಲ ಹೊಳೆಯಿತು.

"ಅಯ್ಯ ನನ್ನ ಶಿವನ! ಎಷ್ಟ ವರ್ಷದಿಂದ ಇದು?" ಎಂದೆ.

"ಎಂತದ್ದು?"

"ಏ, ನನ್ನ ಮುಂದ ನಾಟಕ ಮಾಡಬ್ಯಾಡ."

ಅವಳು ಪರ್ಸಿನ ಜಿಪ್ ತೆರೆದಳು, ಹಾಕಿದಳು. "ಹತ್ತು ಹನ್ನೆರಡು ವರ್ಷ ಆಯ್ತೋ ಏನೋ. ಮೆಲ್ಲ ಮಾತಾಡಿ ಅಕ್ಕ, ಮೀನಿನ ಬುಟ್ಟಿಯವಳು ಕೇಳ್ತಾಳೆ."

ಅಷ್ಟು ವರ್ಷ! ಜಪಾನಿನವಳ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆನಲ್ಲ, ಜಪಾನಿನವಳು ನನ್ನ ಮಗ್ಗುಲಲ್ಲೇ ಕೂತು ದಿನಾ ನನ್ನ ಊಟದ ಡಬ್ಬಿಯ ಶೇಂಗಾ ಚಟ್ನಿ ತಿನ್ನುತ್ತಿದ್ದಳು.

ಅದಾದ ಕೆಲವೇ ದಿನಗಳಲ್ಲಿ ಸುದ್ದಿ ಬಂತು. ಬರುವ ಶುಕ್ರವಾರ ಆ ಹಿರಿಯರು ರಿಟೈರ್ ಆಗುತ್ತಾರೆ, ಆಮೇಲೆ ಜತ್ತಕ್ಕೆ ಹೋಗಿ ಅಣ್ಣನ ಮನೆಯಲ್ಲಿ ಇರುತ್ತಾರೆ. ಜಾಳಿಗೆಯ ಆ ಕಡೆಯಿಂದ ಮಂಡಳಿಯವರೊಬ್ಬರು ನಮಗೂ ಹೇಳಿದರು: "ಶುಕ್ರವಾರಿ ಸೆಂಡ್ ಆಫ್ ಆಹೆ, ತಾಯೀ. ತುಮಚಂ ಪಣ ಏಕ ಭಜನ್ ಪಾಹಿಜೆ." ನಮ್ಮ ಕಡೆಯಿಂದಲೂ ಒಂದು ಭಜನೆ ಬೇಕಂತೆ. ಲೋಕಲ್ಲಿನ ರಿವಾಜು ಅದು. ಕಡೆಯ ದಿನ ಡಬ್ಬಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಾರೆ, ಪೇಢೆ ಹಂಚುತ್ತಾರೆ, ರಿಟೈರ್ ಆಗುವವರಿಗೆ ಶಾಲು ಹೊದಿಸುತ್ತಾರೆ, ಆ ಕಡೆಯವರದೊಂದು ಈ ಕಡೆಯವರದೊಂದು ಭಜನೆ ಆಗುತ್ತದೆ.

ಗೆಳತಿಯ ಮುಖ ಸಣ್ಣಗಾಯಿತು. ನಾನು ಬಿಡಲಿಲ್ಲ. "ಶುಕ್ರವಾರದೊಳಗ ಹೇಳಿಬಿಡು. ಆಮ್ಯಾಲ ಜತ್ತಕ್ಕ ಹೋಗಿ ಹುಡುಕ್ತೀಯೇನು?"

"ಎಂತ ಹೇಳುವುದು ಮಾರಾಯ್ರೆ? ನನ್ನ ವಯಸ್ಸು ನೋಡಿ. ನಗಾಡುವುದಿಲ್ವಾ ಜನ?"

"ನಗಲಿ. ಪುಕ್ಕಟೆ ನಗತಾರ, ನಿನಗೇನ್ ಖರ್ಚು?"

ಹೇಳದೇ ಹೋದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸೋಮವಾರ ಇದೇ ಬೆಂಚು, ಇದೇ ಜಾಳಿಗೆ ಇರುತ್ತದೆ. ಆ ಕಡೆ ಅವರಿರುವುದಿಲ್ಲ. ಇವಳು ಉಳಿದ ಆಯುಷ್ಯವನ್ನೆಲ್ಲ ಕೊನೆಯ ಅಂಕಿಯ ಮುಂದೆ ಬೆರಳು ಹಿಡಿದುಕೊಂಡು ಕಳೆಯಬೇಕು. ನನಗೆ ಅದನ್ನು ನೋಡುವ ಶಕ್ತಿ ಇರಲಿಲ್ಲ. ಆಗ ನನ್ನ ತಲೆಗೆ ಒಂದು ಉಪಾಯ ಬಂತು. ಭಜನೆ ಹೇಗೂ ಕೇಳಿದ್ದಾರೆ. ಟೆಲಿಫೋನ್ ಹಾಡಿನ ಧಾಟಿಗೆ ವಿಠ್ಠಲನ ಮಾತು ಕೂಡಿಸಿ ಇವಳ ಬಾಯಲ್ಲಿ ಹಾಡಿಸಿಬಿಟ್ಟರೆ? ಹೇಳಿದ ಹಾಗೂ ಆಯಿತು, ಯಾರೂ ನಗುವ ಹಾಗೂ ಇಲ್ಲ.

ಗೆಳತಿ ಮೊದಲು ಬೇಡ ಅಂದಳು, ಆಮೇಲೆ ನಾಚಿದಳು, ಆಮೇಲೆ ಮಾತು ಏನು ಎಂದು ಕೇಳಿದಳು. ಸಣ್ಣವಳಿದ್ದಾಗ ನಮ್ಮವ್ವ ಬೀಸುವ ಕಲ್ಲಿನ ಮುಂದೆ ಕೂತು ಕಟ್ಟುತ್ತಿದ್ದ ಪದಗಳು ನನ್ನ ಕಿವಿಯಲ್ಲಿದ್ದವು. ಮಾಲಾಡ ಬರುವುದರೊಳಗೆ ಎರಡು ಸಾಲು ಕಟ್ಟಿದೆ:

ಯಾವ ಗಾಡಿಗೆ ಬರತಿಯೋ ವಿಠ್ಠಲ, ಹಾದಿ ನೋಡಿ ನಾ ಸೋತೆನೋ
ಕೂಗಿದರ ನಿನಗ ಕೇಳೀತೇನೋ, ಕೂಗದ ನಾನೇ ಕೂತೆನೋ

ಸಂಜೆ ಮನೆಯಲ್ಲಿ ಮಗಳಿಗೆ ಹಾಡಿ ತೋರಿಸಿದೆ. ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡಳು. "ಮಮ್ಮಿ! ಯೇ ಕ್ಯಾ ಕರ್ ದಿಯಾ! ಅದು ಎಷ್ಟು ಸ್ಯಾಡ್ ಹಾಡು ಗೊತ್ತಾ? ಭಜನ್ ಬನಾ ದಿಯಾ!"

"ನಿನ್ನ ಜಪಾನಿನವರಿಗೆ ಯಾರು ಹೇಳಾಕ ಹೋಗ್ತಾರ? ತಾಳ ಸರಿ ಐತಿ ಇಲ್ಲೋ, ಅದನ್ನ ಹೇಳು."

ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ ತಾನೇ ಮೇಜು ಬಡಿದು ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ಎಂದು ಕಲಿಸಿದಳು. ಅವಳು ಹೇಳಿದ್ದರಲ್ಲಿ ಒಂದು ಮಾತು ನಾನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. "ಆದ್ರೆ ಮಮ್ಮಿ, ಆ ಹಾಡಿಗೆ ಕೋಯಿ ಜವಾಬ್ ನಹೀ ಹೋತಾ" ಅಂದಿದ್ದಳು. ಭಜನೆಯ ವಿಷಯ ಬೇರೆಯೇ ಅಲ್ಲವೇ? ಒಂದು ಕಡೆಯವರು ದೇವರನ್ನು ಕೇಳುವ ಪದ ಹಾಡಿದರೆ ಎದುರಿನವರು ದೇವರಾಗಿ ಜವಾಬು ಕೊಡಲೇಬೇಕು. ಕೊಡದಿದ್ದರೆ ಸೋತ ಹಾಗೆ. ನಮ್ಮೂರಲ್ಲಿ ಹಾಗೆ, ಜತ್ತದಲ್ಲೂ ಹಾಗೆ. ಅದನ್ನು ನಾನೇ ಮರೆತುಬಿಟ್ಟಿದ್ದೆ.

ಶುಕ್ರವಾರ ಡಬ್ಬಿ ಮದುವಣಗಿತ್ತಿಯಾಗಿತ್ತು. ಚೆಂಡುಹೂವು, ಬಲೂನು, ಆ ಕಡೆ ಬೊರಿವಲಿ ಪ್ಲಾಟ್‌ಫಾರ್ಮಿನ ಮೇಲೆ ಒಡೆದ ತೆಂಗಿನಕಾಯಿ. ಹಿರಿಯರು ಬಿಳಿ ಟೋಪಿ ಹಾಕಿಕೊಂಡು ಶಾಲು ಹೊದ್ದು ಬೆವರುತ್ತಿದ್ದರು. ಗೆಳತಿ ಎಲೆಹಸಿರು ಸೀರೆ ಉಟ್ಟಿದ್ದಳು. ಬ್ಲೌಸ್ ಬಟ್ಟೆ ಹುಡುಕಿ ಕೊಟ್ಟವಳು ನಾನೇ, ಆದ್ದರಿಂದ ಒಪ್ಪಿತ್ತೋ ಇಲ್ಲವೋ ಎಂಬ ಮಾತೇ ಬೇಡ.

ಅವರ ಭಜನೆಗಳೆಲ್ಲ ಮುಗಿದು, ದಾದರಿನಲ್ಲಿ ಅರ್ಧ ಗಾಡಿ ಇಳಿದ ಮೇಲೆ ನಮ್ಮ ಸರದಿ ಬಂತು. ಗೆಳತಿ ಎದ್ದು ನಿಂತಳು. ಮೊದಲ ಸಾಲನ್ನು ನೆಲ ನೋಡುತ್ತ ಹಾಡಿದಳು. ಎರಡನೆಯ ಸಾಲಿಗೆ ದನಿ ಗಟ್ಟಿಯಾಯಿತು. ಆಮೇಲೆ ನೋಡಬೇಕಿತ್ತು ನೀವು! ಜಪಾನಿನ ಧಾಟಿಗೆ ಢೋಲಕಿ ಕೂಡಿತು, ತಾಳ ಕೂಡಿದವು, ಗಂಡಸರೆಲ್ಲ "ಯಾವ ಗಾಡಿಗೆ ಬರತಿಯೋ" ಎಂದು ಕೈ ಎತ್ತಿ ಹಾಡತೊಡಗಿದರು. ಕನ್ನಡ ಬಾರದವರೂ ವಿಠ್ಠಲ ಬಂದಾಗ ಸೇರಿಕೊಂಡರು. ಮೀನಿನ ಬುಟ್ಟಿಯವಳು ಬುಟ್ಟಿಯ ಮೇಲೇ ತಾಳ ಹಾಕಿದಳು. ಆ ಟೆಲಿಫೋನಿನವಳು ಎಲ್ಲಿದ್ದರೂ ಅವಳ ಪರವಾಗಿ ಇಡೀ ಡಬ್ಬಿ ಕೂಗುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ತಾಳ ತಪ್ಪಿ ಪಕ್ಕದವಳ ಕೈಗೆ ಹೊಡೆದೆ.

ಆಗ ಜಾಳಿಗೆಯ ಆ ಕಡೆ ಹಿರಿಯರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಕಣ್ಣು ಮುಚ್ಚಿ, ಅದೇ ಧಾಟಿಯಲ್ಲಿ, ಅಲ್ಲೇ ಕಟ್ಟಿ ಹಾಡಿದರು:

ಇದೇ ಗಾಡಿಯಾಗ ಅದೀನಿ ತಾಯಿ, ಕೂತಲ್ಲೇ ನಿನ್ನ ಕೇಳೀನೇ
ಕೂಗದಿದ್ದರೂ ನಿನ್ನ ದನಿಯ ನಾ ದಿನವೂ ಎದಿಯಾಗ ತಾಳೀನೇ

ಡಬ್ಬಿಯಲ್ಲಿ ಒಂದೇ ಹೋ ಎಂದು ಗದ್ದಲ. ನಾನು ಗೆಳತಿಯ ರಟ್ಟೆ ಹಿಡಿದು ಜಗ್ಗಿದೆ. "ಕೇಳಿದೇನ? ಜವಾಬ್ ಕೊಟ್ರು! ದಿನಾ ಕೇಳ್ತಿದ್ರಂತ!"

ಗೆಳತಿ ಕೂತುಬಿಟ್ಟಳು. ಮುಖ ಕೆಂಪಗಾಗಿತ್ತು, ಕಣ್ಣು ತುಂಬಿದ್ದವು, ತುಟಿ ನಗುತ್ತಿತ್ತು. "ತಾಯಿ ಅಂದ್ರಲ್ಲ ಅಕ್ಕ!"

"ಏ, ಅದು ನಮ್ಮ ಕಡೆ ಎಲ್ಲಾರಿಗೂ ಅಂತಾರ. ನೀ ಅದನ್ನ ಹಿಡಕೋಬ್ಯಾಡ."

"ಹಾಗಲ್ಲ. ಜವಾಬು ಕೊಟ್ಟದ್ದು ವಿಠ್ಠಲ. ವಿಠ್ಠಲನನ್ನು ಕೇಳಿದೆ, ವಿಠ್ಠಲ ಹೇಳಿದ. ಅವರನ್ನು ನಾನು ಎಲ್ಲಿ ಕೇಳಿದೆ?"

ನನ್ನ ಉಪಾಯದ ತಪ್ಪು ನನಗೆ ಆಗ ತಿಳಿಯಿತು. ಈಗ ಇವಳು ಸುಮ್ಮನಾದರೆ ಮೊದಲಿಗಿಂತ ಕಷ್ಟ. ವಿಠ್ಠಲನ ಜವಾಬನ್ನು ಅವರದೆಂದು ನಂಬಬೇಕೋ ಬೇಡವೋ ಎಂದು ಸಾಯುವವರೆಗೆ ಯೋಚಿಸುತ್ತ ಕೂರಬೇಕು. ಜಪಾನಿನವಳಿಗೆ ಆ ಕಾಟವಾದರೂ ಇರಲಿಲ್ಲ.

ಮುಂಬೈ ಸೆಂಟ್ರಲ್ ಬಂತು. ಮುಂದಿನದು ನಮ್ಮ ಸ್ಟೇಷನ್. ಆ ಕಡೆ ಎಲ್ಲರೂ ಪೇಢೆಯ ಡಬ್ಬಿಯ ಸುತ್ತ ಸೇರಿದ್ದರು. ಹಿರಿಯರು ಜಾಳಿಗೆಯ ಹತ್ತಿರ ಒಬ್ಬರೇ ನಿಂತು ಶಾಲಿನ ತುದಿಯಿಂದ ತಾಳ ಒರೆಸುತ್ತಿದ್ದರು. ಗಾಡಿ ಬಿಟ್ಟಿತು. ನಾನು ಇನ್ನೇನು ಬಾಯಿ ತೆರೆಯಬೇಕು, ಗೆಳತಿ ಎದ್ದಳು. ಸೆರಗು ಸರಿಮಾಡಿಕೊಂಡು ಜಾಳಿಗೆಗೆ ಹೋಗಿ, "ಸಾರ್, ಒಂದು ಮಾತು" ಅಂದಳು.

ಅವರು ತಿರುಗಿದರು. "ಹೇಳ್ರಿ ಬಾಯಾರ. ಪದ ಭಾಳ ಚಂದ ಹಾಡಿದ್ರಿ."

"ಅದು ವಿಠ್ಠಲನಿಗೆ ಅಲ್ಲ ಸಾರ್, ನಿಮಗೆ ಹಾಡಿದ್ದು. ನಿಮ್ಮನ್ನು ಕಂಡ್ರೆ ನನಗೆ ಇಷ್ಟ. ಬಹಳ ವರ್ಷದಿಂದ. ಕಷಾಯದ ಪುಡಿ ಕೊಟ್ಟದ್ದೂ ನಾನೇ."

ಅವರ ಕೈಯ ತಾಳ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು. ಅವರು ನಗಲಿಲ್ಲ. ಆ ಕಡೆ ಈ ಕಡೆ ನೋಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಮೆಲ್ಲಗೆ ಮಾತಾಡಿದರು.

"ಸುಳ್ಳು ಹೇಳಾಂಗಿಲ್ಲ ಬಾಯಾರ. ನನ್ನ ಮನಸು ನನ್ನ ಹೆಣತಿ ಹೋದಾಗ ಆಕಿ ಜೋಡೀನ ಹೋತು. ನಿಮಗ ಕೊಡಾಕ ನನ್ನ ಕಡೆ ಏನೂ ಇಲ್ರಿ. ಆದ್ರ ನನಗ ಹಿಂಗ ಯಾರರೆ ಹೇಳ್ತಾರ ಅಂತ ನಾ ಕನಸನ್ಯಾಗೂ ಅಂದಿದ್ದಿಲ್ಲ. ದೊಡ್ಡ ಮಾತು ಹೇಳಿದ್ರಿ." ಜಾಳಿಗೆಯ ಮುಂದೆ ಎರಡೂ ಕೈ ಜೋಡಿಸಿದರು.

ಇವಳೂ ಕೈ ಮುಗಿದಳು. "ಕೊಡಿ ಅಂತ ಹೇಳಿದ್ದಲ್ಲ ಸಾರ್. ನನಗೆ ಹೇಳಬೇಕಿತ್ತು, ಹೇಳಿದೆ. ಊರಲ್ಲಿ ಥಂಡಿ ಜಾಸ್ತಿ, ಗಂಟಲು ನೋಡಿಕೊಳ್ಳಿ."

ಗ್ರಾಂಟ್ ರೋಡ್ ಬಂದೇಬಿಟ್ಟಿತು. ಇಳಿಯುವವರು ನಮ್ಮಿಬ್ಬರನ್ನೂ ತಳ್ಳಿಕೊಂಡು ಪ್ಲಾಟ್‌ಫಾರ್ಮಿಗೆ ಹಾಕಿದರು. ಗಾಡಿ ಹೊರಟಿತು, ಚೆಂಡುಹೂವಿನ ಮಾಲೆ ಅಲುಗಾಡುತ್ತ ಚರ್ನಿ ರೋಡಿನ ಕಡೆ ಹೋಯಿತು. ಅಳುಬುರುಕಿ ನಾನೇ, ಸೇತುವೆಯ ಮೆಟ್ಟಿಲ ಕೆಳಗೆ ನಿಂತು ಸೊರಸೊರ ಅತ್ತೆ. ಅತ್ತದ್ದಕ್ಕೆ ಸಿಟ್ಟು ಬಂದು ಅವರಿಗೆ ಬೈದೆ. ಕಲ್ಲು ಅಂದೆ, ಮುದಿಯ ಅಂದೆ, ಇನ್ನೂ ಏನೇನೋ ಅಂದೆ.

"ಬೈಬೇಡಿ ಅವರಿಗೆ. ಬನ್ನಿ, ನನಗೆ ಹಸಿವಾಗ್ತಾ ಉಂಟು," ಅಂದಳು ಗೆಳತಿ.

ಅವಳ ಹೋಟೆಲಿಗೇ ಹೋದೆವು. ಗಲ್ಲೆಗೆ ಹೋಗುವ ಮೊದಲು ಗಿರಾಕಿಯ ಹಾಗೆ ಮೇಜಿಗೆ ಕೂತು ಎರಡು ಬನ್ಸ್ ತರಿಸಿದಳು, ಎರಡೂ ತಿಂದಳು, ಇನ್ನೊಂದು ಹೇಳಿದಳು. ಎಲೆಹಸಿರು ಸೀರೆಯ ಮೇಲೆ ಚಟ್ನಿ ಬಿತ್ತು. ವೇಟರು ಕಣ್ಣು ಬಿಟ್ಟು ನೋಡಿದ. ನಾನು ಚಹಾ ಒಂದೇ ಸಾಕು ಅಂದೆ.

"ಖರೇ ಹೇಳು," ಎಂದೆ. "ನೋವು ಆಗಲಿಲ್ಲೇನ ನಿನಗ?"

ಅವಳು ಸೀರೆಯ ಚಟ್ನಿ ಒರೆಸಿಕೊಂಡಳು. "ಆಯ್ತು ಅಕ್ಕ. ಈಗಲೂ ಆಗ್ತಾ ಉಂಟು. ಆದ್ರೆ ಇಷ್ಟು ವರ್ಷ ಅದು ನನಗೆ ಒಬ್ಬಳಿಗೇ ಗೊತ್ತಿದ್ದದ್ದು. ಈಗ ಅವರಿಗೂ ಗೊತ್ತುಂಟಲ್ಲ!"